ಬುತ್ತಿಯ ಹಡಗು

ಹುನಗುಂದ ಸೀಮೆಯ ಮರೋಳಕ್ಕೆ ಕಡಲು ಬಹುದೂರ. ಆದರೂ ಅದೇ ಸೀಮೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲಿನ ಕ್ರಿ. ಶ. 634ರ ಶಾಸನವು, ಇಮ್ಮಡಿ ಪುಲಕೇಶಿಯು ಪಡುಗಡಲಿನ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದುದನ್ನು ಹೇಳುತ್ತದೆ. ಆ ಹಡಗುಗಳವರು ಏನನ್ನುಂಡರೆಂಬುದನ್ನು ಮಾತ್ರ ಹೇಳುವುದಿಲ್ಲ. ಗೆಲವಿನ ಕಥೆಯಲ್ಲಿ ಬುತ್ತಿ ಹೊತ್ತವನಿಗೆ ಸ್ಥಾನ ಕಡಿಮೆ.

ಆದರೆ ಪಡೆಯ ನಡಿಗೆಯನ್ನು ಗೊತ್ತುಮಾಡುವವನು ಆತನೇ. ಜಾತ್ರೆಗೆ ಹೊರಟ ಹುಡುಗರು ಎಷ್ಟೇ ಮುಂದೆ ಓಡಲಿ, ಬುತ್ತಿಯು ಹಿಂದಿನ ಚಕ್ಕಡಿಯಲ್ಲಿದ್ದರೆ ಹಸಿವಾದೊಡನೆ ಮರದ ನೆರಳಿನಲ್ಲಿ ಕಾದು ಕೂಡ್ರಬೇಕು. 1791ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದರೂ, ಎತ್ತುಗಳು ಸತ್ತು ದವಸ ತೀರಲು, ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದನು. ಮರುವರ್ಷದ ದಂಡಯಾತ್ರೆಗೆ ಲಂಬಾಣಿಗಳ ಹೇರೆತ್ತುಗಳು ದವಸವನ್ನೊದಗಿಸಿದವು.

ಕಡಲಿನ ನ್ಯಾಯವೂ ಇದೇ. ಕಾರವಾರದಲ್ಲಿ ನೆಲೆಗೊಂಡ ವಿಕ್ರಮಾದಿತ್ಯವೆಂಬ ವಿಮಾನವಾಹಕ ನೌಕೆಯು ಸುಮಾರು 30 ನಾಟ್, ಎಂದರೆ ಗಂಟೆಗೆ 55 ಕಿಲೋಮೀಟರು ಸಾಗಬಲ್ಲುದು. 2011ರಲ್ಲಿ ನಮ್ಮ ನೌಕಾಪಡೆಯನ್ನು ಸೇರಿದ, ಎಣ್ಣೆ ನೀರು ಹೊರುವ ದೀಪಕವು ಸುಮಾರು 20 ನಾಟ್. ಎರಡೂ ಪೂರ್ಣವೇಗದಲ್ಲಿ ಹೊರಟರೆ ಒಂದು ಹಗಲಿರುಳಿನಲ್ಲಿ ನಡುವೆ 440 ಕಿಲೋಮೀಟರಿನಷ್ಟು ಅಂತರ ಬೀಳುವುದು!

ಹಾಗಾದರೆ ಪಡೆಯು ಒಡೆಯುವುದಿಲ್ಲವೇ? ಇಲ್ಲ, ಏಕೆಂದರೆ ಯುದ್ಧನೌಕೆಯು ಸದಾ ಓಡುವುದಿಲ್ಲ. ವೇಗವು ಇಮ್ಮಡಿಯಾದರೆ ಯಂತ್ರಕ್ಕೆ ಬೇಕಾದ ಶಕ್ತಿಯು ಹೆಚ್ಚುಕಡಿಮೆ ಎಂಟುಮಡಿಯಾಗುವುದು. ಆದುದರಿಂದ ದೂರದ ಪಯಣದಲ್ಲಿ ಎಲ್ಲ ಹಡಗುಗಳೂ ಸುಮಾರು 15 ನಾಟಿನ ಮಿತವೇಗದಲ್ಲಿ ಕೂಡಿಯೇ ನಡೆಯುತ್ತವೆ. ಎಣ್ಣೆ ತುಂಬುವಾಗಲಂತೂ ಎರಡು ಹಡಗುಗಳು ಅಕ್ಕಪಕ್ಕದಲ್ಲಿ, ಜೋಡೆತ್ತುಗಳಂತೆ, ಒಂದೇ ವೇಗದಲ್ಲಿ ಸಾಗಬೇಕು. ನಡುವೆ ಕೊಳವೆಯು ತೂಗುತ್ತಿರುವುದು.

ಅಮೆರಿಕದವರು ಈ ಅಂತರವನ್ನೇ ನೀಗಲೆಂದು 1964ರಲ್ಲಿ 26 ನಾಟ್ ಓಡುವ ಸ್ಯಾಕ್ರಮೆಂಟೋ ಎಂಬ ಸರಬರಾಜು ಹಡಗನ್ನು ಸಿದ್ಧಗೊಳಿಸಿದರು. ಅದಕ್ಕೆ ಜೋಡಿಸಿದ್ದು ಕೆಂಟಕಿಯೆಂಬ, ಕಟ್ಟಿ ಮುಗಿಯದ ಮಹಾಯುದ್ಧನೌಕೆಯ ಯಂತ್ರಗಳು! ಆದರೆ ವೆಚ್ಚ ಅಪಾರ. ಆ ಬಗೆಯವು ನಾಲ್ಕೇ ಆದವು.

ಲೋಕವು ಮುಂದೋಡುವವನನ್ನು ಹೊಗಳುವುದು. ಓಡಿದವನು ನಾಳೆಯೂ ಓಡಬೇಕಾದರೆ, ಹಿಂದೆ ಭಾರ ಹೊತ್ತು ಬರುವವನ ಹೆಜ್ಜೆಯನ್ನು ಇಂದೇ ಎಣಿಸಬೇಕು. ಅದು ಸೇನಾನಿಗೂ ಸರಿ, ಮನೆಯ ಯಜಮಾನನಿಗೂ ಸರಿ.