ಬೆಂಗಳೂರಿನ ಹಿತ್ತಿಲು

ಮನೆಗೆ ಬೇಕೇ ಬೇಕು, ಆದರೆ ನಡುಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎನ್ನುವಂಥ ಸಾಮಾನು ಎಲ್ಲರ ಮನೆಯಲ್ಲೂ ಒಂದಿಷ್ಟು ಇರುತ್ತದೆ. ನೀರಿನ ಹಂಡೆ, ಒರಳು, ಕೋಳಿಗೂಡು, ಕರು ಕಟ್ಟುವ ಗೂಟ, ಕರಿಬೇವಿನ ಗಿಡ. ಎಲ್ಲವೂ ಹಿತ್ತಿಲಿಗೆ. ಬೆಂಗಳೂರು ಬೆಳೆದ ಮೇಲೆ ಅದಕ್ಕೂ ಒಂದು ಹಿತ್ತಿಲು ಬೇಕಾಯಿತು. ವಾಯವ್ಯ ದಿಕ್ಕಿಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿ ಅದು ಸಿಕ್ಕಿತು. ಅದೇ ಹೆಸರಘಟ್ಟ.

ತುಮಕೂರು ರಸ್ತೆಯಲ್ಲಿ ಹೋಗುವವರು ಎಂಟನೇ ಮೈಲಿಯಲ್ಲಿ ಬಲಕ್ಕೆ ಹೊರಳಬೇಕು. ಮೈಲಿಗಲ್ಲು ಹೋಗಿ ಕಿಲೋಮೀಟರು ಬಂದು ಎಷ್ಟೋ ಕಾಲವಾಯಿತು. ಬಸ್ಸಿನ ಕಂಡಕ್ಟರಿಗೆ ಮಾತ್ರ ಇನ್ನೂ ಎಂಟನೇ ಮೈಲಿಯೇ. ಬಾಗಲಗುಂಟೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ, ತರಬನಹಳ್ಳಿ. ಮೊದಲು ಪೀಣ್ಯದ ಕಾರ್ಖಾನೆಗಳ ಗಾಳಿ, ಆಮೇಲೆ ಕಾಲೇಜುಗಳ ಸಾಲು, ಅವುಗಳ ಹಿಂದೆ ಪೇಯಿಂಗ್ ಗೆಸ್ಟು, ಬಿರಿಯಾನಿ, ಜೆರಾಕ್ಸು. ಇದ್ದಕ್ಕಿದ್ದಂತೆ ಒಂದು ರಾಗಿ ಹೊಲ. ಅದರ ನಡುವೆ ‘ಮಾರಾಟಕ್ಕಿಲ್ಲ’ ಎಂಬ ಬೋರ್ಡು. ರಾಗಿ ಹೊಲಕ್ಕೆ ಇಂಥ ಬೋರ್ಡು ಹಾಕಬೇಕಾಗಿ ಬಂದರೆ ಪಟ್ಟಣ ಹತ್ತಿರ ಬಂತು ಎಂದೇ ಲೆಕ್ಕ.

ಹಿತ್ತಿಲಿಗೆ ಮೊದಲು ಬಂದದ್ದು ನೀರಿನ ಹಂಡೆ. ಅಲ್ಲಿಯವರೆಗೆ ಬೆಂಗಳೂರು ತನ್ನ ಕೆರೆಗಳ ನೀರನ್ನೇ ಕುಡಿಯುತ್ತಿತ್ತು. ಧರ್ಮಾಂಬುಧಿ, ಸಂಪಂಗಿ, ಹಲಸೂರು. ಧರ್ಮಾಂಬುಧಿ ಮುಂದೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ, ನೀರಿನ ಬದಲು ಜನ ತುಂಬಿಕೊಂಡಿತು, ಅದಿರಲಿ. ಮಳೆ ಕೈಕೊಟ್ಟಾಗಲೆಲ್ಲ ಊರಿಗೆ ನೀರಿನ ಗೋಳು ತಪ್ಪುತ್ತಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದಲ್ಲಿ ಜಲಾಶಯದ ಕೆಲಸ ಶುರುವಾಯಿತು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು ಬರುವ ಹೊಳೆ ಅದು. ಯೋಜನೆಗೆ ಮಹಾರಾಜರ ಹೆಸರಿಟ್ಟು ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದರು. ಇಟ್ಟಿಗೆಯ ಕಾಲುವೆಯಲ್ಲಿ ನೀರು ಇಳಿಜಾರಿಗೆ ತಾನಾಗಿಯೇ ಹರಿದು ತರಬನಹಳ್ಳಿಯ ಕಡೆಗೆ ಬರಬೇಕು. ಸೋಲದೇವನಹಳ್ಳಿಯಲ್ಲಿ ಹಬೆಯಂತ್ರ ಅದನ್ನು ಎತ್ತಿ ಪಟ್ಟಣಕ್ಕೆ ನೂಕಬೇಕು. 1896ಕ್ಕೆ ಬೆಂಗಳೂರಿನ ನಲ್ಲಿಗಳಲ್ಲಿ ಹೆಸರಘಟ್ಟದ ನೀರು ಬಂತು. ಕೆರೆ ಒಮ್ಮೆ ತುಂಬಿದರೆ ಮೂರು ವರ್ಷಕ್ಕೆ ಚಿಂತೆಯಿಲ್ಲ ಎಂಬುದು ಎಂಜಿನಿಯರುಗಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಮಳೆಗೆ ಯಾರೂ ಓದಿ ಹೇಳಿರಲಿಲ್ಲ, ಅಷ್ಟೆ. 1920ರ ದಶಕದ ನಡುವೆ ಕೆರೆ ಬತ್ತಿತು. ಊರು ಅದೇ ಹೊಳೆಯ ಕೆಳಗಡೆಗೆ ಕೈಚಾಚಿ, 1933ಕ್ಕೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟು ಕಟ್ಟಿಸಿತು. 1974ರಲ್ಲಿ ಕಾವೇರಿಯೇ ಬಂದಳು. ಹಳೆಯ ಹಂಡೆಯನ್ನು ಕೇಳುವವರು ಕಡಿಮೆಯಾದರು.

ಆದರೆ ಸುತ್ತ ಸರ್ಕಾರಿ ನೆಲ ಎಂಬ ವಿಶಾಲವಾದ ಬಯಲು ಹಾಗೇ ಉಳಿದಿತ್ತಲ್ಲ. ಬಯಲು ಕಂಡರೆ ಮಕ್ಕಳಿಗೆ ಕ್ರಿಕೆಟ್ಟು ನೆನಪಾಗುತ್ತದೆ, ಸರ್ಕಾರಕ್ಕೆ ಯೋಜನೆ. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಂತು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೋರಿಗಳ ವೀರ್ಯವನ್ನು ಶೈತ್ಯೀಕರಿಸಿ ಊರೂರಿಗೆ ಕಳಿಸುವ ಕೇಂದ್ರ ಬಂತು. ಜತೆಗೆ ಕೋಳಿ ಸಾಕಣೆಯವರು ಬಂದರು, ಮೇವಿನ ಬೆಳೆಯವರು ಬಂದರು. ಕೋಳಿಗೂಡು, ಕರುವಿನ ಗೂಟ, ಕರಿಬೇವಿನ ಗಿಡ, ಎಲ್ಲಕ್ಕೂ ಇಲಾಖೆ, ಕಾಂಪೌಂಡು, ಗೇಟಿಗೊಬ್ಬ ಕಾವಲುಗಾರ. ಡೆನ್ಮಾರ್ಕ್ ಎಲ್ಲಿದೆಯೆಂದು ಮೇಷ್ಟರನ್ನು ಕೇಳದೆ ಹೇಳಬಲ್ಲ ಹಳ್ಳಿಗಳು ನಮ್ಮಲ್ಲಿ ಎಷ್ಟಿವೆಯೋ, ಇದಂತೂ ಒಂದಿರಬೇಕು.

ತೋಟಗಾರಿಕೆಯವರ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಅವರು ಬಿಡುಗಡೆ ಮಾಡುವ ತಳಿಗಳಿಗೆಲ್ಲ ಮುಂದೆ ‘ಅರ್ಕಾ’ ಅಂಟಿಸುತ್ತಾರೆ. ಟೊಮೆಟೊ ಅರ್ಕಾ ರಕ್ಷಕ್, ಬೆಂಡೆ ಅರ್ಕಾ ಅನಾಮಿಕಾ, ಈರುಳ್ಳಿ ಅರ್ಕಾ ಕಲ್ಯಾಣ್, ಕಲ್ಲಂಗಡಿ ಅರ್ಕಾ ಮಾಣಿಕ್. ಪಕ್ಕದ ಹೊಳೆಯ ಹೆಸರು. ಹೊಳೆಯಲ್ಲಿ ನೀರಿಲ್ಲ, ಆದರೆ ದೂರದ ರಾಜ್ಯಗಳ ರೈತರೂ ಬೀಜದ ಪೊಟ್ಟಣ ಹರಿಯುವಾಗ ಅದರ ಹೆಸರು ಹೇಳುತ್ತಾರೆ. ಬತ್ತಿದ ಹೊಳೆಗೆ ಇಷ್ಟು ಮರ್ಯಾದೆ ಬೇರೆಲ್ಲಾದರೂ ಸಿಕ್ಕಿದ್ದುಂಟೇ? ಇನ್ನು ಸಂಸ್ಥೆಯ ತೋಟಗಾರಿಕಾ ಮೇಳಕ್ಕೆ ಬೀದರ್, ವಿಜಯಪುರದ ರೈತರು ಬಸ್ಸು ಮಾಡಿಕೊಂಡು ಬರುತ್ತಾರೆ. ಮಲ್ಲೇಶ್ವರದವರು ಕಾರಿನಲ್ಲಿ ಬಂದು ಬಾಲ್ಕನಿಗೆ ಎರಡು ಕುಂಡ ಕೊಂಡು, ‘ಒಳ್ಳೆಯ ಹವಾ’ ಎಂದು ಹೇಳಿ ಹೊರಡುತ್ತಾರೆ.

ಕಲೆಗೂ ಹಿತ್ತಿಲೇ ಗತಿಯಾಯಿತು. 1990ರಲ್ಲಿ ಒಡಿಸ್ಸಿ ನರ್ತಕಿ ಪ್ರೋತಿಮಾ ಬೇಡಿ ಮುಂಬಯಿಯನ್ನು ಬಿಟ್ಟು ಬಂದು ಇಲ್ಲಿ ನೃತ್ಯಗ್ರಾಮ ಕಟ್ಟಿದರು. ವಾಸ್ತುಶಿಲ್ಪಿ ಜೆರಾರ್ಡ್ ಡಾ ಕುನ್ಹಾ ಮಣ್ಣು, ಕಲ್ಲುಗಳಲ್ಲೇ ಅದನ್ನು ಎಬ್ಬಿಸಿದರು. ಉದ್ಘಾಟನೆಗೆ ಪ್ರಧಾನಿ ವಿ.ಪಿ. ಸಿಂಗ್. ಒಡಿಶಾದ ನೃತ್ಯ ಕಲಿಯಲು ರಾಗಿ ಸೀಮೆಗೆ ಬರುವುದೆಂದರೆ ವಿಚಿತ್ರವೇ. ಆದರೆ ನೃತ್ಯಗ್ರಾಮದ ವಸಂತಹಬ್ಬದ ದಿನ ಸಾವಿರಾರು ಜನ ಚಾಪೆ, ಕಂಬಳಿ ಹೊತ್ತು ಬಂದು ರಾತ್ರಿಯಿಡೀ ಪುಕ್ಕಟೆ ಸಂಗೀತ, ನೃತ್ಯ ನೋಡುತ್ತಿದ್ದ ಕಾಲ ಒಂದಿತ್ತು. ಪ್ರೋತಿಮಾ 1998ರಲ್ಲಿ ಮಾನಸ ಸರೋವರದ ದಾರಿಯಲ್ಲಿ ಭೂಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಹಬ್ಬ ನಿಂತುಹೋಯಿತು, ಕುಣಿತ ನಿಂತಿಲ್ಲ. ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯೂ ಪಟ್ಟಣದಿಂದ ಇಲ್ಲಿಗೇ ಬಂತು. ವಿ.ಕೆ. ಮೂರ್ತಿಯಂಥ ಛಾಯಾಗ್ರಾಹಕರನ್ನು ಕೊಟ್ಟ ಹಳೆಯ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನ ಕೂಸು ಅದು.

ಹೆಸರಘಟ್ಟಕ್ಕೆ ಬಂದವುಗಳ ಕಥೆ ಹೀಗಾದರೆ, ಬಾರದೆ ಹೋದವುಗಳದ್ದು ಇನ್ನೂ ಸೊಗಸು. ಚಿತ್ರನಗರಿ ಬರುತ್ತದೆ ಎಂದು ಎಷ್ಟು ಮುಖ್ಯಮಂತ್ರಿಗಳ ಕಾಲದಲ್ಲಿ ಸುದ್ದಿಯಾಯಿತೋ! ಬರಲಿಲ್ಲ. ತಿಪ್ಪಗೊಂಡನಹಳ್ಳಿಗೆ ನೀರು ಹರಿದು ಬರುವ ಪ್ರದೇಶವೆಂದು 2003ರ ಅಧಿಸೂಚನೆ ಕಟ್ಟಡಗಳಿಗೆ ಮೂಗುದಾರ ಹಾಕಿತು. ಹೀಗೆ ಕಡತಗಳು ಒಂದರ ಮೇಲೊಂದು ಮಲಗಿರುವಾಗ ಹುಲ್ಲು ತನ್ನ ಪಾಡಿಗೆ ತಾನು ಬೆಳೆಯಿತು. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಗಿಡುಗಗಳು ಬಂದಿಳಿದವು. ಬೆಂಗಳೂರಿನ ಅಂಚಿನಲ್ಲಿ ಉಳಿದ ಕೊನೆಯ ದೊಡ್ಡ ಹುಲ್ಲುಗಾವಲು ಎಂದು ಪಕ್ಷಿಪ್ರಿಯರು ದುರ್ಬೀನು ಹಿಡಿದು ಬಂದರು. ಇದನ್ನು ದೂರದೃಷ್ಟಿ ಕಾಪಾಡಿತು ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಕಾಪಾಡಿದ್ದು ವಿಳಂಬ. ಸಹಿ ಬೀಳದ ಕಾಗದವೇ ಇಲ್ಲಿಯ ನಿಜವಾದ ಅರಣ್ಯಾಧಿಕಾರಿ. ಐದು ಸಾವಿರ ಎಕರೆಗೂ ಮಿಕ್ಕ ಈ ಸೀಮೆಯನ್ನು ಸಂರಕ್ಷಣಾ ಮೀಸಲು ಎನ್ನೋಣವೆಂಬ ಪ್ರಸ್ತಾವವನ್ನೂ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಬೇಡವೆಂದಿತ್ತು, 2024ರಲ್ಲಿ ಒಪ್ಪಿತು. ದನ ಮೇಯಿಸುವವರಿಗೆ ಇದರಿಂದ ತೊಂದರೆಯಾಗುತ್ತದೋ ಎಂಬ ಹಳ್ಳಿಗರ ಆತಂಕ ಸುಳ್ಳಲ್ಲ. ಅಷ್ಟು ವರ್ಷ ಹುಲ್ಲನ್ನು ಹುಲ್ಲಾಗಿ ಬಳಸಿದವರು ಅವರೇ ತಾನೆ.

ಈ ಕಡೆ, ಪಟ್ಟಣದ ದಿಕ್ಕಿನಲ್ಲಿ, ಕಥೆ ಬೇರೆ. ಹದಿನೇಳು ಹಳ್ಳಿಗಳ ಮೂರೂವರೆ ಸಾವಿರ ಎಕರೆಗೆ 2008ರ ಕೊನೆಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಡಾವಣೆಗೆಂದು ಅಧಿಸೂಚನೆ ಹೊರಡಿಸಿತು. ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿ, ಬ್ಯಾಲಕೆರೆ, ಮೇಡಿ ಅಗ್ರಹಾರ. ಹತ್ತು ವರ್ಷ ಕೋರ್ಟು ಕಚೇರಿ. 2018ರಲ್ಲಿ ಸುಪ್ರೀಂ ಕೋರ್ಟು ಭೂಸ್ವಾಧೀನವನ್ನು ಎತ್ತಿಹಿಡಿಯಿತು. ಬಡಾವಣೆಯ ಹೆಸರು ಡಾ. ಶಿವರಾಮ ಕಾರಂತ. ‘ಮರಳಿ ಮಣ್ಣಿಗೆ’ ಬರೆದವರು, ಕೈಗಾ ಅಣುಸ್ಥಾವರದ ವಿರುದ್ಧ ನಿಂತವರು; ಅವರ ಹೆಸರಿನಲ್ಲಿ ಹೊಲಗಳೆಲ್ಲ ಮೂವತ್ತು ನಲವತ್ತರ ಸೈಟುಗಳಾದವು. ಅವರಿದ್ದಿದ್ದರೆ ಒಂದು ಖಾರವಾದ ಕಾಗದವಾದರೂ ಬರುತ್ತಿತ್ತು. ನಮ್ಮಲ್ಲಿ ದೊಡ್ಡವರ ಹೆಸರಿಡುವುದಕ್ಕೆ ಅವರು ತೀರಿಕೊಳ್ಳುವವರೆಗೆ ಕಾಯುವುದು ಇದಕ್ಕೇ ಇರಬೇಕು.

2022ರ ಮಳೆಗೆ ಹೆಸರಘಟ್ಟ ಕೆರೆಗೆ ಬಹಳ ವರ್ಷಗಳ ಮೇಲೆ ನೀರು ಬಂತು. ಏರಿಯ ಮೇಲೆ ಜಾತ್ರೆ, ಸೆಲ್ಫಿ, ಸುಟ್ಟ ಜೋಳ. ಕೆರೆ ಕಾಣುವ ಸೈಟಿಗೆ ಚದರಡಿಗೆ ಇಷ್ಟು ಹೆಚ್ಚು ಎಂದು ದಲ್ಲಾಳಿಗಳು ದರ ಏರಿಸಿದರು. ಅವರಲ್ಲೊಬ್ಬನನ್ನು, “ಕುಡಿಯೋಕೆ ಯಾವ ನೀರಪ್ಪ?” ಎಂದು ಕೇಳಿದೆ. ಊರಿಗೆಲ್ಲ ನಲ್ಲಿ ನೀರು ಕಲಿಸಿದ ಜಾಗ, ಈ ಕೆರೆಯ ಹೆಸರನ್ನೇ ಹೇಳಿಯಾನು ಎಂಬ ಆಸೆ. ಅರ್ಕಾವತಿ ಇಲ್ಲಿಂದ ಇಳಿದು, ರಾಮನಗರ, ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಯನ್ನು ಸೇರುವವಳು.

“ಸದ್ಯಕ್ಕೆ ಟ್ಯಾಂಕರ್ ಸಾರ್,” ಎಂದ ಅವನು. “ಕಾವೇರಿ ಇಲ್ಲಿಗೇ ಹತ್ತಿ ಬರ್ತಾಳೆ. ಪೈಪು ಆಗಲೇ ಬಂದು ಬಿದ್ದಿದೆ.”