ಮೂರು ವರ್ಷದ ಕರಾರು

ಆಷಾಢದ ಗಾಳಿ ಎದ್ದಿತೆಂದರೆ ಕೆಜಿಎಫ್‌ನಲ್ಲಿ ಒಗೆದ ಬಟ್ಟೆಯನ್ನು ಹೊರಗೆ ಹರವಲು ಹಿಂಜರಿಯಬೇಕು. ಸೈನೈಡ್ ದಿಬ್ಬದ ನಯವಾದ ಧೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಕೂರುತ್ತದೆ. ಬಂಗಾರ ಬಹುಕಾಲ ಲಂಡನ್ನಿನ ದಾರಿ ಹಿಡಿಯಿತು; ಅರೆದು ಉಳಿದ ಹಿಟ್ಟು ನಮ್ಮ ಪಾಲಿಗೆ ಬಂತು. ಅದರಲ್ಲೊಂದಿಷ್ಟು ರಾಬರ್ಟ್‌ಸನ್‌ಪೇಟೆಯ ನನ್ನ ಆಫೀಸಿನ ಎರಡು ಸರ್ವರ್‌ಗಳ ಫ್ಯಾನಿಗೂ ಸೇರಿತು.

ಆಫೀಸೆಂದರೆ ಮಾವನವರ ಮನೆಯ ಮುಂದಿನ ಕೋಣೆ. ಕೆಜಿಎಫ್, ಬಂಗಾರಪೇಟೆಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವುದು ನನ್ನ ಕಸುಬು. ತಿಂಗಳೆಲ್ಲ ತೂಕಡಿಸುವ ಸರ್ವರ್‌ಗಳು ಜಿಎಸ್‌ಟಿ ರಿಟರ್ನಿನ ಕೊನೆಯ ದಿನವಾದ 20ನೇ ತಾರೀಖು ಏದುಸಿರು ಬಿಡುತ್ತವೆ. ಕರೆಂಟು ಹೋಗುವುದಕ್ಕೂ ಅದೇ ಮುಹೂರ್ತ. ಮಾವ ಚಾಂಪಿಯನ್ ರೀಫ್ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು. ಗಂಟೆಯ ಸದ್ದು ಕೇಳಿ ಜನರನ್ನು ಪಾತಾಳಕ್ಕೆ ಇಳಿಸಿ, ಮತ್ತೆ ಮೇಲೆತ್ತಿದ ಕಿವಿ ಅದು. ಜಗಲಿಯಲ್ಲಿ ಪೇಪರ್ ಓದುತ್ತಲೇ, “ಎಡಗಡೇದರ ಬೇರಿಂಗ್ ಹೋಯ್ತು ಅಳಿಯಂದ್ರೇ” ಎನ್ನುತ್ತಾರೆ. ಬಿಚ್ಚಿ ನೋಡಿದರೆ ಹೋಗಿರುತ್ತದೆ.

ಮೂರನೇ ಸರ್ವರ್ ಕೊಳ್ಳುವುದೋ, ಕ್ಲೌಡಿಗೆ ಹೋಗುವುದೋ? ಸಲಹೆಗೆ ಸಿಕ್ಕವನು ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದ ಹುಡುಗ. ಮಾರಿಕುಪ್ಪಂನಿಂದ ಬರುವ ರೈಲು ಹಿಡಿದು ದಿನಾ ಬೆಂಗಳೂರಿಗೆ ಹೋಗಿ ದುಡಿಯುವ ಸಾವಿರಾರು ಜನರಲ್ಲಿ ಒಬ್ಬ. ಸಂಜೆ ಬಂಗಾರಪೇಟೆಯಲ್ಲಿ ಇಳಿಸಿಕೊಂಡು ಪಾನಿಪುರಿ ಅಂಗಡಿಗೆ ಕರೆದೊಯ್ದೆ. ನಮ್ಮ ಬಂಗಾರಪೇಟೆ ಪಾನಿಪುರಿಯ ನೀರು ಬಾವಿಯಿಂದ ಆಗಷ್ಟೇ ಸೇದಿದ ಹಾಗೆ ತಿಳಿಯಾಗಿರುತ್ತದೆ. ಖಾರ ಗೊತ್ತಾಗುವುದು ಗಂಟಲಿಗೆ ಇಳಿದ ಮೇಲೆ. ಅವನು ತೋರಿಸಿದ ದರಪಟ್ಟಿಗಳೂ ಹಾಗೇ ಇದ್ದವು. ಡೇಟಾ ಒಳಗೆ ಹಾಕುವುದು ಪುಕ್ಕಟೆ, ಹೊರಗೆ ತೆಗೆದರೆ ಜಿಬಿ ಲೆಕ್ಕ. ಮಷಿನ್ ನಿಲ್ಲಿಸಿದರೂ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಬ್ಯಾಕಪ್ಪಿಗೆ ಬೇರೆ ದುಡ್ಡು. ಡೇಟಾ ಸೆಂಟರ್‌ಗಳೋ, ಅಮೆಜಾನ್‌ದು 2016ರಿಂದ ಮುಂಬೈನಲ್ಲಿ, 2022ರಿಂದ ಹೈದರಾಬಾದಿನಲ್ಲಿ. ಗೂಗಲ್‌ದು ಮುಂಬೈ, ದೆಹಲಿಯಲ್ಲಿ. ಮೈಕ್ರೋಸಾಫ್ಟ್‌ದು ಪುಣೆ, ಚೆನ್ನೈಯಲ್ಲಿ. ಕೊನೆಗೆ ಅವನು ಮೆಲ್ಲಗೆ ಹೇಳಿದ: “ಮೂರು ವರ್ಷಕ್ಕೆ ಕರಾರು ಮಾಡ್ಕೊಂಡ್ರೆ ಹತ್ತಿರ ಹತ್ತಿರ ಅರ್ಧ ಉಳಿಯುತ್ತೆ ಅಣ್ಣ.”

ಮನೆಯ ಯಂತ್ರ ಬಿಟ್ಟು ಮುಂಬೈನದನ್ನು ನಂಬುವುದೆಂದರೆ ಮಾವ ಹೌಹಾರುತ್ತಾರೆಂದುಕೊಂಡಿದ್ದೆ. ಅವರು ನಕ್ಕುಬಿಟ್ಟರು. “ನಮ್ಮೂರಿಗೆ ಇದೇನು ಹೊಸದಾ?”

ಹೊಸದಲ್ಲ. ಗಣಿಗಳು ಕಲ್ಲಿದ್ದಲು, ಸೌದೆ ಉರಿಸಿ ತಮ್ಮ ಉಗಿಯನ್ನು ತಾವೇ ಎಬ್ಬಿಸಿಕೊಳ್ಳುತ್ತಿದ್ದ ಕಾಲದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಶಿವನಸಮುದ್ರದಿಂದ ಕರೆಂಟು ಕೊಡುತ್ತೇವೆಂದಿತು. ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿ ಕರಾರಿಗೆ ಒಪ್ಪಿತು. 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಹಾದು ಕಾವೇರಿ ಕೆಜಿಎಫ್‌ಗೆ ಬಂದಳು. ಬೆಂಗಳೂರಿನ ಬೀದಿ ದೀಪ 1905ರ ತನಕ ಕಾಯಬೇಕಾಯಿತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಗಣಿಯೂ ಸೊರಗಬಾರದಲ್ಲ? 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಗೆ ಗದ್ದೆಗಳ ಜೊತೆ ಈ ಚಿಂತೆಯೂ ಒಂದು ಕಾರಣ. ಬ್ಯಾಕಪ್ಪೆಂದರೆ ಅದು!

“ಎಲ್ಲಾ ಸರಿ, ಮೂರು ವರ್ಷದ್ದು ಮಾತ್ರ ಬೇಡ” ಎಂದರು ಮಾವ.

“ಯಾಕೆ, ಅಮೆಜಾನ್ ಮುಚ್ಚಿಬಿಡುತ್ತದೆಯೇ?”

“ಅವರದ್ದಲ್ಲ ಯೋಚನೆ, ನಿಮ್ಮದು. 2001ರಲ್ಲಿ ಗಣಿಗೆ ಕರೆಂಟು ಬರಲಿಲ್ಲಾಂತ ಬೀಗ ಬಿತ್ತಾ? ಕರೆಂಟು ಬರ್ತಾನೇ ಇತ್ತು.”

1880ರಲ್ಲಿ ಟೇಲರ್ ಕಂಪನಿ ಕಾಲಿಟ್ಟ ಗಣಿ 2001ರ ಫೆಬ್ರವರಿ 28ಕ್ಕೆ ನಿಂತಿತು. ಕೊಡುವವನು ಉಳಿದ, ಕೊಳ್ಳುವವನೇ ಇಲ್ಲವಾದ. ಕ್ಲೌಡ್ ಆರಿಸುವವರೆಲ್ಲ ಕಂಪನಿ ಬಾಳುತ್ತದೆಯೇ ಎಂದು ಕೇಳುತ್ತಾರೆ. ಕೆಜಿಎಫ್‌ನಲ್ಲಿ ಕೂತವನು ತಾನೆಷ್ಟು ದಿನ ಎಂದು ಕೇಳಿಕೊಳ್ಳಬೇಕು. ನನ್ನ ಗಿರಾಕಿಗಳ ಮಕ್ಕಳು ಬೆಳಗಿನ ರೈಲಿನಲ್ಲಿದ್ದಾರೆ. ಕೆಲವರು ಸಂಜೆ ಹಿಂತಿರುಗುವುದನ್ನು ಬಿಟ್ಟು ಅಲ್ಲೇ ಮನೆ ಮಾಡಿದ್ದಾರೆ. ಹಿಂದೆಯೇ ಅಂಗಡಿಯ ಬಾಗಿಲೂ ಒಂದೊಂದಾಗಿ ಮುಚ್ಚುತ್ತದೆ.

ಹೀಗಾಗಿ ಮುಂಬೈನಲ್ಲಿ ತಿಂಗಳ ಬಾಡಿಗೆಗೆ ಒಂದು ಸಾದಾ ಲಿನಕ್ಸ್ ಮಷಿನ್ ಹಿಡಿದೆ. ಆಯಾ ಕಂಪನಿಯಲ್ಲೇ ಓಡುವ ವಿಶೇಷ ಸೌಕರ್ಯಗಳನ್ನು ಮುಟ್ಟಲಿಲ್ಲ. ನಾಳೆ ಗಂಟುಮೂಟೆ ಕಟ್ಟುವುದಾದರೆ ಸುಲಭವಿರಲಿ ಎಂದು. ದಿನದ ಬ್ಯಾಕಪ್ಪಿನ ಒಂದು ಪ್ರತಿ ಮಾವನ ಬೀರುವಿನಲ್ಲಿರುವ ಡಿಸ್ಕಿಗೆ ಇಳಿಯುತ್ತದೆ. 20ನೇ ತಾರೀಖು ಮಷಿನ್ನಿನ ಬಲ ಹೆಚ್ಚಿಸಿ, ಮಾರನೆಯ ದಿನ ಇಳಿಸುತ್ತೇನೆ.

ಮೂರು ವರ್ಷಕ್ಕೆ ಸಹಿ ಹಾಕಿದ್ದರೆ ಇದಕ್ಕಿಂತ ಎಷ್ಟೋ ಅಗ್ಗ. ಈ ಹೆಚ್ಚುವರಿ ದುಡ್ಡನ್ನು ಯಾವ ಖಾತೆಗೆ ಬರೆಯಲಿ ಎಂದು ಆಡಿಟರು ತಿಂಗಳು ತಿಂಗಳೂ ಕೇಳುತ್ತಾರೆ. “ಊರಿನ ಖಾತೆಗೆ ಹಾಕಿ” ಎನ್ನುತ್ತೇನೆ. ಅಂಥ ಖಾತೆಯೇ ಇಲ್ಲವಂತೆ. ನನ್ನ ಸಾಫ್ಟ್‌ವೇರಿನಲ್ಲಿ ಒಂದು ತೆರೆದುಕೊಟ್ಟಿದ್ದೇನೆ.