ಸಾವನಿ ಗಿಡಕ್ಕೆ ಬೇಕಾದ ಬಿಸಿಲು

ದೆಹಲಿಗೆ ಬಂದು ನೆಲೆಸಿದ ಕನ್ನಡಿಗರ ಬಾಲ್ಕನಿಯಲ್ಲಿ ನಾಲ್ಕಾದರೂ ಖಾಲಿ ಕುಂಡ ಇದ್ದೇ ಇರುತ್ತವೆ. ಊರಿಂದ ಒದ್ದೆ ಬಟ್ಟೆ ಸುತ್ತಿ ರೈಲಿನಲ್ಲಿ ತಂದ ವೀಳ್ಯದೆಲೆ ಬಳ್ಳಿ, ಮೆಣಸಿನ ಬಳ್ಳಿ, ಅಜ್ಜಿಮನೆಯ ಸಂಪಿಗೆ ಸಸಿ ಇದ್ದ ಕುಂಡಗಳು ಅವು. ಕೆಲವು ಮೇ ತಿಂಗಳ ಲೂ ಗಾಳಿಗೆ ಹೋಗುತ್ತವೆ. ಅದನ್ನು ತಡೆದುಕೊಂಡವು ಜನವರಿಯ ಮಂಜಿಗೆ ಹೋಗುತ್ತವೆ. 45 ಡಿಗ್ರಿ ಬಿಸಿಲನ್ನೂ 4 ಡಿಗ್ರಿ ಚಳಿಯನ್ನೂ ಒಂದೇ ವರ್ಷದಲ್ಲಿ ಸಹಿಸು ಎಂದು ಮಲೆನಾಡಿನ ಗಿಡಕ್ಕೆ ಹೇಳುವುದು ಅನ್ಯಾಯ. ಮನುಷ್ಯರಾದ ನಮಗೇ ಕೂಲರ್ರೂ ಬೇಕು, ಹೀಟರ್ರೂ ಬೇಕು.

ಹಾಗಾಗಿ ದ್ವಾರಕಾದ ನಮ್ಮ ನೆಲಮಹಡಿ ಮನೆಯ ಮುಂದಿನ ಹತ್ತಡಿ ಜಾಗಕ್ಕೆ ನಾನು ಊರಿನ ಗಿಡ ತರಲಿಲ್ಲ. ಸಾವನಿ ನೆಟ್ಟೆ. ಇಂಗ್ಲಿಷಿನಲ್ಲಿ ಕ್ರೇಪ್ ಮರ್ಟಲ್ ಎನ್ನುತ್ತಾರೆ. ದೆಹಲಿಯಲ್ಲಿರುವವರು ಇದನ್ನು ನೋಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಹಳೆಯ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ, ಶಾಲೆಯ ಕಾಂಪೌಂಡುಗಳಲ್ಲಿ, ಪಾರ್ಕುಗಳಲ್ಲಿ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಬೆಳೆದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಲಾಬಿ, ನೇರಳೆ ಅಥವಾ ಬಿಳಿ ಗೊಂಚಲು ಹೊತ್ತು ನಿಲ್ಲುವ ಪೊದೆ. ಹೂವಿಗೆ ಆರು ಎಸಳು. ಒಂದೊಂದೂ ಸಣ್ಣ ತೊಟ್ಟಿನ ಮೇಲೆ ನಿಂತಿರುತ್ತದೆ, ಅಂಚೆಲ್ಲ ಇಸ್ತ್ರಿ ಕಾಣದ ವಾಯಿಲ್ ಸೀರೆಯ ಹಾಗೆ ಸುಕ್ಕು ಸುಕ್ಕು. ಮಕರಂದ ಇಲ್ಲ. ಆದರೂ ಜೇನ್ನೊಣ ಬರುತ್ತವೆ, ನಡುವಿನ ಹಳದಿ ಕೇಸರಗಳ ಪರಾಗ ತಿನ್ನಲು. ಅವು ಅಲ್ಲಿ ತಿನ್ನುತ್ತಿರುವಾಗ ಹೊರಗಿನ ಆರು ಉದ್ದ ಕೇಸರಗಳು ಬೇರೆ ಪರಾಗವನ್ನು ಅವುಗಳ ಬೆನ್ನಿಗೆ ಸವರಿ ಕಳಿಸುತ್ತವೆ.

ಅಮ್ಮ ಹೋದ ಮೇಲೆ ಅಪ್ಪ ತೀರ್ಥಹಳ್ಳಿಯಿಂದ ನಮ್ಮಲ್ಲಿಗೆ ಬಂದರು. ಮೊದಲ ವಾರವೇ ಗಿಡದ ಹೆಸರು ಕೇಳಿ, "ಹೆಸರಲ್ಲೇ ಸಾವು ಇದೆಯಲ್ಲೋ, ಮನೆ ಮುಂದೆ ಯಾಕೆ ನೆಟ್ಟೆ?" ಎಂದರು. ಸಾವನ್ ಅಂದರೆ ಶ್ರಾವಣ, ಶ್ರಾವಣದಲ್ಲಿ ಅರಳುವುದು ಅಂತ ಅರ್ಥ ಎಂದೆ. ಇವರ ಸಾವನ್ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಶುರುವಾಗುವುದೂ ಅಪ್ಪನಿಗೆ ಸರಿಬಂದಿರಲಿಲ್ಲ. ಆದರೆ ಹೂವು ನೋಡಿದ ಕೂಡಲೇ ಗುರುತು ಹಿಡಿದರು: "ಇದು ನಮ್ಮ ಹೊಳೆದಾಸವಾಳದ ತಂಗಿ!"

ಅವರು ಹೇಳಿದ್ದು ಸರಿ. ಹೊಳೆದಂಡೆಗಳಲ್ಲಿ ನೇರಳೆ ಹೂ ಬಿಡುವ ಹೊಳೆದಾಸವಾಳ, ನುಣುಪು ತೊಗಟೆಯ ನಂದಿ ಮರ, ಈ ಸಾವನಿ, ಮೂರೂ ಲ್ಯಾಗರ್‌ಸ್ಟ್ರೋಮಿಯಾ ಎಂಬ ಒಂದೇ ಕುಲ. ಮುಂಬೈ, ಪುಣೆಯ ಓದುಗರಿಗೆ ಹೊಳೆದಾಸವಾಳ ತಾಮ್ಹಣ್ ಎಂಬ ಹೆಸರಿನಲ್ಲಿ ಗೊತ್ತಿರುತ್ತದೆ, ಅದು ಮಹಾರಾಷ್ಟ್ರದ ರಾಜ್ಯಪುಷ್ಪ. ಕುಲದ ಹೆಸರು ಬಂದದ್ದು ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮ್ಯಾಗ್ನಸ್ ಫಾನ್ ಲ್ಯಾಗರ್‌ಸ್ಟ್ರೋಮ್‌ನಿಂದ. ಆತ ಪೂರ್ವದೇಶಗಳ ಗಿಡಗಳನ್ನು ಲಿನೇಯಸ್‌ಗೆ ತರಿಸಿಕೊಡುತ್ತಿದ್ದ. 1759ರಲ್ಲಿ ಲಿನೇಯಸ್ ಅವನ ಹೆಸರಿಟ್ಟು, ಮುಂದೆ 'ಇಂಡಿಕಾ' ಎಂದು ಸೇರಿಸಿದ. ಗಿಡದ ಮೂಲ ಮಾತ್ರ ಚೀನಾದ ಕಡೆ. ಅಲ್ಲಿ ಇದಕ್ಕೆ ನೂರು ದಿನದ ಕೆಂಪು ಎಂಬ ಹೆಸರೂ ಇದೆ. ತೀರ್ಥಹಳ್ಳಿಯವನಾದ ನನ್ನನ್ನು ಇಲ್ಲಿನ ಪಕ್ಕದ ಮನೆಯವರು ಇವತ್ತಿಗೂ ಮದ್ರಾಸಿ ಎನ್ನುತ್ತಾರೆ, ಹಾಗಾಗಿ ತಪ್ಪು ಲೇಬಲ್ ಹೊತ್ತು ಬದುಕುವುದು ಎಷ್ಟು ಸಾಮಾನ್ಯ ಎಂದು ನನಗೆ ಗೊತ್ತು.

ಬೆಳೆಸುವುದು ಕಷ್ಟವಲ್ಲ. ಬಿಸಿಲು ಬೇಕು, ಅಷ್ಟೇ ಮುಖ್ಯ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳದಿದ್ದರೆ ಹೂವು ಕಡಿಮೆ, ಎಲೆಗೆ ಬೂದಿರೋಗ. ಫೆಬ್ರವರಿಯಲ್ಲಿ, ಚಿಗುರುವ ಮೊದಲು ನೆಡಬೇಕು. ಮೊದಲ ಬೇಸಿಗೆ ನೀರು ತಪ್ಪಿಸಬಾರದು. ಬೇರು ಹಿಡಿದ ಮೇಲೆ ವಾರಕ್ಕೆರಡು ಸಲ ಬುಡ ನೆನೆಯುವಂತೆ ಹಾಕಿದರೆ ಸಾಕು. ಯೂರಿಯಾ ಸುರಿದರೆ ಎಲೆಯೇ ಎಲೆ, ಹೂವಿಲ್ಲ. ನಾನು ವರ್ಷಕ್ಕೊಮ್ಮೆ ಎರಡು ಬುಟ್ಟಿ ಹಳೆಯ ಗೊಬ್ಬರ ಹಾಕುತ್ತೇನೆ, ಮತ್ತೇನೂ ಇಲ್ಲ.

ಕತ್ತರಿಸುವುದರಲ್ಲಿ ಮಾತ್ರ ಎಚ್ಚರ ಬೇಕು. ಹೂ ಬರುವುದು ಆ ವರ್ಷದ ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಚಳಿಗಾಲದ ಕೊನೆಯಲ್ಲಿ, ಒಣಗಿದ, ಒಂದಕ್ಕೊಂದು ಉಜ್ಜುವ, ಪೆನ್ಸಿಲ್‌ಗಿಂತ ತೆಳುವಾದ ಕಡ್ಡಿಗಳನ್ನು ತೆಗೆಯಬೇಕು. ನಮ್ಮ ಕಾಲೊನಿಯ ಮಾಲಿಗಳಿಗೆ ಗಿಡ ಅಂದರೆ ಬೇಲಿ. ಜೂನ್‌ನಲ್ಲಿ ಕತ್ತರಿ ಹಿಡಿದು ಚೌಕಟ್ಟು ಮಾಡಿಬಿಡುತ್ತಾರೆ, ಆ ವರ್ಷದ ಮೊಗ್ಗೆಲ್ಲ ಕಸದ ಗಾಡಿಗೆ ಹೋಗುತ್ತದೆ. ಇನ್ನು ಕೆಲವರು ದಪ್ಪ ಕೊಂಬೆಗಳನ್ನೇ ಪ್ರತಿ ವರ್ಷ ಒಂದೇ ಎತ್ತರಕ್ಕೆ ಕೊಚ್ಚುತ್ತಾರೆ. ಅಲ್ಲಿ ಮುಷ್ಟಿಯಂಥ ಗಂಟು ಬೆಳೆದು, ಅದರಿಂದ ಹೊರಟ ಬಡಕಲು ಚಿಗುರು ಮಳೆಯಲ್ಲಿ ಹೂವಿನ ಭಾರಕ್ಕೆ ಬಾಗುತ್ತದೆ. ಮೊದಲ ಸುತ್ತಿನ ಹೂ ಮುಗಿದ ಮೇಲೆ ಕಾಯಿಗೊಂಚಲು ಮಾತ್ರ ಚಿವುಟಿದರೆ ಇನ್ನೊಂದು ಸುತ್ತು ಬರುತ್ತದೆ. ಅಪ್ಪನ ಬೆಳಗಿನ ಕೆಲಸ ಈಗ ಅದೇ.

ಚಳಿಗಾಲದಲ್ಲಿ ಇದನ್ನು ನೋಡಲಾಗದು, ಒಪ್ಪುತ್ತೇನೆ. ಎಲೆ ಹಳದಿ, ಕೆಂಪು ತಿರುಗಿ ಉದುರಿ, ಡಿಸೆಂಬರ್ ಕೊನೆಗೆ ಬರೀ ಕಡ್ಡಿ. ಎರಡು ವರ್ಷದ ಹಿಂದೆ ಜನವರಿಯಲ್ಲಿ ಬ್ಲಾಕಿನ ಮೀಟಿಂಗ್ ಆಯಿತು. ಸತ್ತ ಗಿಡ ಕಿತ್ತರೆ ಇನ್ನೊಂದು ಕಾರು ನಿಲ್ಲಿಸಬಹುದು ಎಂದು ಒಬ್ಬರು ಹೇಳಿದರು, ಮೂವರು ತಲೆಯಾಡಿಸಿದರು. ಜಾಗ ನಮ್ಮ ಹೆಸರಿನದ್ದಲ್ಲ, ಎಲ್ಲರದ್ದು. ನನಗೆ ವಾದಿಸಲು ಕಾಗದ ಇರಲಿಲ್ಲ. ಹಿಂದಿ ಬಾರದ ಅಪ್ಪ ಎದ್ದು, ಎಲ್ಲರನ್ನೂ ಕೈಸನ್ನೆ ಮಾಡಿ ಹೊರಗೆ ಕರೆದುಕೊಂಡು ಹೋಗಿ, ಒಂದು ಕೊಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರು. ಇನ್ನೊಂದನ್ನು ಕೆರೆದರು, ಅದೂ ಹಸಿರು. "ಮಾರ್ಚ್," ಎಂದರು, ಅಷ್ಟೇ. ಹೋಳಿಯವರೆಗೆ ನೋಡೋಣ ಎಂದು ಮೀಟಿಂಗ್ ಮುಗಿಯಿತು. ಮಾರ್ಚಿನಲ್ಲಿ ತಾಮ್ರದ ಬಣ್ಣದ ಚಿಗುರು ಬಂತು. ಪಾರ್ಕಿಂಗ್ ಕೇಳಿದವರು ಈಗಲೂ ಕೇಳುತ್ತಾರೆ, ಆದರೆ ಚಳಿಗಾಲದಲ್ಲಿ ಮಾತ್ರ.

ಅಂದಿನಿಂದ ಅಪ್ಪ ಊರಿಗೆ ವಾಪಸು ಹೋಗುವ ಮಾತು ಕಡಿಮೆ ಮಾಡಿದ್ದಾರೆ. ಕಾರಣ ಗಿಡವೇ ಎಂದು ಹೇಳಲಾರೆ, ಮೊಮ್ಮಗಳೂ ಇದ್ದಾಳೆ. ಕಳೆದ ಫೆಬ್ರವರಿಯಲ್ಲಿ ಕತ್ತರಿಸಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ ಎಂಟನ್ನು ಆರಿಸಿ ಮರಳು ಮಿಶ್ರಣದಲ್ಲಿ ಊರಿದರು, ಐದು ಚಿಗುರಿವೆ. ನಾಲ್ಕು ಬ್ಲಾಕಿನವರಿಗೆ ಹಂಚಿಯಾಗಿದೆ. ಐದನೆಯದನ್ನು ತೀರ್ಥಹಳ್ಳಿಗೆ ಒಯ್ದು ಮನೆಯಂಗಳದಲ್ಲಿ ನೆಡಬೇಕೆಂದು ಅವರ ಹಟ. ಇದು ಅರಳಬೇಕಾದ ಜುಲೈಯಲ್ಲಿ ಅಲ್ಲಿ ಮೂರು ವಾರ ಸೂರ್ಯನೇ ಕಾಣುವುದಿಲ್ಲ, ಎಲೆಗೆ ಬೂದಿ ಹಿಡಿಯುತ್ತದೆ, ಅದಕ್ಕಿಂತ ಹೊಳೆದಾಸವಾಳವನ್ನೇ ನೆಡಿ ಎಂದು ನಾನು. "ಅದು ಅಲ್ಲಿ ಇದ್ದೇ ಇದೆಯಲ್ಲ" ಎಂದು ಅವರು. ಕುಂಡ ಸದ್ಯಕ್ಕೆ ಬಾಲ್ಕನಿಯ ದಕ್ಷಿಣ ಮೂಲೆಯಲ್ಲಿ, ಬಿಸಿಲು ಚೆನ್ನಾಗಿ ಬೀಳುವಲ್ಲಿ ಇದೆ.